ಮಂಗನ ಕಾಯಿಲೆ ಲಸಿಕೆ: ಹಳೆಯದು ಸೋತದ್ದೆಲ್ಲಿ, ಹೊಸದಕ್ಕೆ ತಡವೇಕೆ

ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಾಗುತ್ತಿದೆ, ಮನುಷ್ಯರ ಮೇಲಿನ ಪ್ರಯೋಗ ಶುರುವಾಗಿದೆ ಎಂಬ ಸುದ್ದಿ ಬಂದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದು ಖುಷಿಯ ಸುದ್ದಿಯೇ. ಆದರೆ ಅದರ ಬೆನ್ನಿಗೇ ಪ್ರಶ್ನೆಗಳೂ ಬರುತ್ತವೆ. ಇಷ್ಟು ವರ್ಷ ಕೊಟ್ಟ ಲಸಿಕೆ ಏನಾಯಿತು? ಅದು ಕೆಲಸ ಮಾಡುತ್ತಿರಲಿಲ್ಲ ಎಂದಾದರೆ ನಮಗೆ ಯಾಕೆ ಚುಚ್ಚಿದರು? ಮಾಡುತ್ತಿತ್ತು ಎಂದಾದರೆ ಯಾಕೆ ನಿಲ್ಲಿಸಿದರು? ಎರಡೂ ಡೋಸ್ ಹಾಕಿಸಿಕೊಂಡವರಿಗೂ ಜ್ವರ ಬಂತಲ್ಲ? ಕೊರೊನಾ ಲಸಿಕೆ ಒಂದೇ ವರ್ಷದಲ್ಲಿ ಬಂತು. 1957ರಲ್ಲೇ ಗೊತ್ತಾದ ಈ ಕಾಯಿಲೆಗೆ ಇನ್ನೂ ಯಾಕಿಲ್ಲ?

ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಅರ್ಧ ಉತ್ತರ ಸರ್ಕಾರದ ಕಡತಗಳಲ್ಲಿದೆ. ಇನ್ನರ್ಧ ನಮ್ಮ ರಕ್ತದಲ್ಲೇ ಇದೆ. ರಕ್ತದ ಕಣಗಳು ಒಂದು ವೈರಸ್ಸನ್ನು ಹೇಗೆ ಗುರುತು ಹಿಡಿಯುತ್ತವೆ, ಹೇಗೆ ನೆನಪಿಟ್ಟುಕೊಳ್ಳುತ್ತವೆ, ಯಾವಾಗ ಮರೆಯುತ್ತವೆ ಎಂಬುದು ಗೊತ್ತಾದರೆ ಲಸಿಕೆಯ ವಿಚಾರ ಅರ್ಥವಾಗುವುದು ಕಷ್ಟವಲ್ಲ.

ಉಣುಗು ಕಚ್ಚಿದ ಜಾಗದಲ್ಲಿ

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ, ಸುತ್ತಲಿನ ಊರವರು ಜ್ವರದಿಂದ ಮಲಗಿದಾಗ ಈ ವೈರಸ್ ಪತ್ತೆಯಾಯಿತು. ಡೆಂಗಿ, ಜಪಾನೀಸ್ ಮೆದುಳು ಜ್ವರದ ವೈರಸ್‌ಗಳ ಬಳಗಕ್ಕೇ ಸೇರಿದ್ದು. ಆದರೆ ಇದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಮಂಗವೂ ನಮ್ಮ ಹಾಗೆ ರೋಗಿಯೇ. ಅದು ಸತ್ತಾಗ ಮೈಮೇಲಿನ ಉಣುಗುಗಳು ಸುತ್ತಲೂ ಉದುರುತ್ತವೆ. ಅದಕ್ಕೇ ಸತ್ತ ಮಂಗದ ಹತ್ತಿರ ಹೋಗಬೇಡಿ, ತಕ್ಷಣ ತಿಳಿಸಿ ಎಂದು ಆರೋಗ್ಯ ಇಲಾಖೆ ಹೇಳುವುದು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ.

ಮಳೆ ಪೂರ್ತಿ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ತನಕ, ಮರಿ ಉಣುಗುಗಳು ಜಾಸ್ತಿ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುವುದು, ಸೌದೆ ತರುವುದು, ದನ ಹುಡುಕುವುದು ಎಲ್ಲ ಅದೇ ತಿಂಗಳುಗಳಲ್ಲಿ. ಮರಿ ಉಣುಗು ಗುಂಡುಸೂಜಿಯ ತಲೆಯಷ್ಟಿರುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದಕ್ಕೊಂದು ಕಾರಣವಿದೆ. ಉಣುಗು ದಿನಗಟ್ಟಲೆ ಮೈಗೆ ಕಚ್ಚಿಕೊಂಡು ರಕ್ತ ಹೀರಬೇಕು. ಅಷ್ಟು ಹೊತ್ತು ನಮಗೆ ನೋವಾಗಬಾರದು, ರಕ್ತ ಹೆಪ್ಪುಗಟ್ಟಬಾರದು, ನಮ್ಮ ಕಾವಲು ಕಣಗಳು ಎಚ್ಚರಗೊಳ್ಳಬಾರದು. ಈ ಮೂರೂ ಕೆಲಸ ಮಾಡುವ ವಸ್ತುಗಳು ಅದರ ಜೊಲ್ಲಿನಲ್ಲಿವೆ. ವೈರಸ್ ಬರುವುದು ಅದೇ ಜೊಲ್ಲಿನ ಜೊತೆ. ಅಂದರೆ ಕಾವಲನ್ನು ಮಂಕುಮಾಡಿದ ಜಾಗಕ್ಕೇ ಅದು ಇಳಿಯುತ್ತದೆ.

ಚರ್ಮದ ಕೆಳಗೆ ಗಸ್ತು ತಿರುಗುವ ಕೆಲವು ಬಿಳಿ ಕಣಗಳಿವೆ. ಹೊರಗಿನಿಂದ ಬಂದದ್ದನ್ನು ನುಂಗಿ, ಅದರ ತುಣುಕುಗಳನ್ನು ಹೊತ್ತುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಓಡುವುದು ಅವುಗಳ ಕೆಲಸ. ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದಲ್ವಾ? ಅದೇ ಗ್ರಂಥಿ. ಇಂಥ ವೈರಸ್‌ಗಳು ಹಾಗೆ ಹೊತ್ತೊಯ್ಯುವ ಕಣದೊಳಗೇ ಬೆಳೆಯಬಲ್ಲವು. ಹಿಡಿದು ತಂದವನ ಹೆಗಲೇರಿ ಕಳ್ಳ ಠಾಣೆಯೊಳಗೆ ಬಂದ ಹಾಗೆ. ಅಲ್ಲಿಂದ ಅದು ರಕ್ತಕ್ಕೆ ಇಳಿಯುತ್ತದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದ ಹಾಗೆ ಚಳಿಜ್ವರ, ಹಣೆ ಸಿಡಿಯುವ ತಲೆನೋವು, ಏಳಲಾಗದಷ್ಟು ಮೈಕೈ ನೋವು ಶುರು.

ಈ ಜ್ವರ ತರುವುದು ನಮ್ಮದೇ ಕಣಗಳು. ವೈರಸ್ ಹೊಕ್ಕ ಜೀವಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಹೊರಹಾಕುತ್ತವೆ. ಅದರಿಂದ ಪಕ್ಕದ ಕೋಶಗಳು ವೈರಸ್ ಬೆಳೆಯದಂತೆ ತಮ್ಮನ್ನು ಬಿಗಿಮಾಡಿಕೊಳ್ಳುತ್ತವೆ. ಬಿಳಿ ಕಣಗಳು ಬಿಡುವ ಇಂಥವೇ ಕೆಲವು ರಾಸಾಯನಿಕಗಳು ಮೆದುಳಿಗೆ ಹೋಗಿ ಮೈಬಿಸಿ ಏರಿಸುತ್ತವೆ.

ರಕ್ತದ ವರದಿಯಲ್ಲಿ ಎರಡು ಅಂಕಿ

ಆಸ್ಪತ್ರೆಗೆ ಹೋದರೆ ಮೊದಲು ರಕ್ತ ತೆಗೆಯುತ್ತಾರೆ. ಮಂಗನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಕೆಳಗಿರುತ್ತವೆ. ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್. ಮನೆಯವರ ಗಾಬರಿ ಶುರುವಾಗುವುದೂ ಇಲ್ಲೇ.

ಒಂದು ಹನಿ ರಕ್ತವನ್ನು ಸುಮಾರು 50 ಪಾಲು ಮಾಡಿ ಅದರಲ್ಲೊಂದು ಪಾಲು ತೆಗೆದುಕೊಳ್ಳಿ. ಅದು ಸುಮಾರು ಒಂದು ಮೈಕ್ರೋಲೀಟರ್. ಆರೋಗ್ಯವಂತರಲ್ಲಿ ಅಷ್ಟರಲ್ಲೇ ಸುಮಾರು 50 ಲಕ್ಷ ಕೆಂಪು ಕಣ, 4,000ದಿಂದ 11,000 ಬಿಳಿ ಕಣ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಎಲ್ಲವೂ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಪ್ಲೇಟ್‌ಲೆಟ್ 7ರಿಂದ 10 ದಿನ. ಬಿಳಿ ಕಣಗಳಲ್ಲಿ ದೊಡ್ಡ ಪಾಲು ನ್ಯೂಟ್ರೋಫಿಲ್‌ಗಳದ್ದು, ಅವು ರಕ್ತದಲ್ಲಿರುವುದು ಸುಮಾರು ಒಂದೇ ದಿನ. ಅಂದರೆ ಮಜ್ಜೆಗೆ ಒಂದು ದಿನವೂ ರಜೆಯಿಲ್ಲ. ವೈರಸ್ ಜ್ವರದಲ್ಲಿ ಅದರ ಕೆಲಸ ಕೆಲವು ದಿನ ನಿಧಾನವಾಗುತ್ತದೆ. ಬಾಳು ಚಿಕ್ಕದಿರುವ ಕಣಗಳ ಲೆಕ್ಕ ಮೊದಲು ಕುಸಿಯುತ್ತದೆ.

ಬಿಳಿ ಕಣ ಕಡಿಮೆ ಕಂಡ ಕೂಡಲೇ ‘ರೋಗನಿರೋಧಕ ಶಕ್ತಿಯೇ ಸತ್ತುಹೋಯಿತು’ ಎಂದುಕೊಳ್ಳಬೇಕಿಲ್ಲ. ರಕ್ತ ಆ ಕಣಗಳು ಓಡಾಡುವ ರಸ್ತೆ. ಕೆಲಸ ನಡೆಯುವುದು ಗ್ರಂಥಿಗಳಲ್ಲಿ, ಯಕೃತ್ತಿನಲ್ಲಿ, ಗುಲ್ಮದಲ್ಲಿ, ಅಂಗಾಂಶಗಳಲ್ಲಿ. ಬಹಳಷ್ಟು ಕಣಗಳು ರಸ್ತೆ ಬಿಟ್ಟು ಕೆಲಸದ ಜಾಗಕ್ಕೆ ಹೋಗಿರುತ್ತವೆ. ನಾವು ಎಣಿಸುವುದು ರಸ್ತೆಯಲ್ಲಿ ಕಂಡವರನ್ನು ಮಾತ್ರ.

ಪ್ಲೇಟ್‌ಲೆಟ್‌ಗಳ ಕೆಲಸ ಬೇರೆ. ಮಜ್ಜೆಯ ದೊಡ್ಡ ಕಣಗಳಿಂದ ಚೂರುಚೂರಾಗಿ ಉದುರಿದ ತುಣುಕುಗಳು ಅವು. ರಕ್ತನಾಳದಲ್ಲಿ ಎಲ್ಲಿ ಬಿರುಕು ಬಿಟ್ಟರೂ ಹೋಗಿ ಅಂಟಿಕೊಂಡು ಮುಚ್ಚುತ್ತವೆ. ಅವು ತೀರಾ ಕಡಿಮೆಯಾದರೆ ವಸಡಿನಲ್ಲಿ, ಮೂಗಿನಲ್ಲಿ ರಕ್ತ ಜಿನುಗುತ್ತದೆ. ಆದರೆ ಅಂಕಿ 50,000ಕ್ಕೆ ಇಳಿಯಿತೆಂದು ‘ಪ್ಲೇಟ್‌ಲೆಟ್ ಹಾಕಿ’ ಎಂದು ವೈದ್ಯರ ಮೇಲೆ ಒತ್ತಡ ತರುವುದು ಸರಿಯಲ್ಲ. ಸಾಮಾನ್ಯವಾಗಿ ರಕ್ತಸ್ರಾವ ಇದ್ದರೆ, ಇಲ್ಲವೇ ಅಂಕಿ 10,000–20,000ದ ಆಸುಪಾಸಿಗೆ ಬಂದರೆ ಮಾತ್ರ ಹಾಕುತ್ತಾರೆ. ಇಲ್ಲಿ ಮನೆಯವರು ನೆನಪಿಡಬೇಕಾದ ಇನ್ನೊಂದು ಮಾತಿದೆ. ಮೈಕೈ ನೋವು ತಡೆಯಲಾಗದೆ ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ತಂದು ನುಂಗಬಾರದು. ಆಸ್ಪಿರಿನ್ ತಾಕಿದ ಪ್ಲೇಟ್‌ಲೆಟ್ ಬದುಕಿರುವಷ್ಟು ದಿನವೂ ಸರಿಯಾಗಿ ಅಂಟುವುದಿಲ್ಲ. ಮೊದಲೇ ಕಡಿಮೆ ಇರುವ ಪ್ಲೇಟ್‌ಲೆಟ್‌ಗಳು ಕೆಲಸಕ್ಕೂ ಬಾರದಂತಾದರೆ ಅಪಾಯ. ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು.

ಹೆಚ್ಚಿನವರು ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರರಲ್ಲಿ 10ರಿಂದ 20 ಮಂದಿಗೆ ಜ್ವರ ಬಿಟ್ಟು, ಮೂರನೇ ವಾರದ ಹೊತ್ತಿಗೆ ಮತ್ತೆ ಬರುತ್ತದೆ. ಆಗ ತಲೆನೋವು, ನಡುಕ, ಕಣ್ಣು ಮಂಜಾಗುವುದು ಇರಬಹುದು. ಕಾಯಿಲೆ ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಗೆಲ್ಲಬೇಕಾದ್ದು ರಕ್ತದ ಕಣಗಳೇ. ಲಸಿಕೆ ಇಷ್ಟು ಮುಖ್ಯವಾಗುವುದು ಅದಕ್ಕೇ.

ನೆನಪು ಹುಟ್ಟುವ ಬಗೆ

ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬ ಗುಂಪಿದೆ. ಅದರಲ್ಲಿ ಬಿ ಕಣ, ಟಿ ಕಣ ಎಂದು ಎರಡು ಮುಖ್ಯ ಬಗೆ. ಇವುಗಳ ವಿಶೇಷ ಏನೆಂದರೆ ಪ್ರತಿ ಕಣವೂ ಹುಟ್ಟುವಾಗಲೇ ಒಂದು ನಿರ್ದಿಷ್ಟ ಆಕಾರಕ್ಕೆ ಮಾತ್ರ ಹೊಂದುವ ಹಿಡಿಕೆ ಪಡೆದಿರುತ್ತದೆ. ಯಾವ ರೋಗ ಬರುತ್ತದೆಂದು ದೇಹಕ್ಕೆ ಮೊದಲೇ ಗೊತ್ತಿಲ್ಲ. ಹಾಗಾಗಿ ಕೋಟ್ಯಂತರ ಬಗೆಯ ಹಿಡಿಕೆಗಳನ್ನು ಸುಮ್ನೆ ಮಾಡಿಟ್ಟುಕೊಂಡು ಕಾಯುತ್ತದೆ. ಮಂಗನ ಕಾಯಿಲೆ ವೈರಸ್ಸಿನ ಹೊರಮೈಗೆ ಹೊಂದುವ ಕಣ ಲಕ್ಷಕ್ಕೊಂದು, ಅಥವಾ ಅದಕ್ಕಿಂತಲೂ ಕಡಿಮೆ. ಅದು ವೈರಸ್ಸಿನ ತುಣುಕನ್ನು ಭೇಟಿಯಾಗಬೇಕು. ಆ ಭೇಟಿ ನಡೆಯುವ ಜಾಗವೇ ದುಗ್ಧಗ್ರಂಥಿ.

ಭೇಟಿಯಾದ ಕಣ ತನ್ನಂಥವೇ ಸಾವಿರಾರು ಕಣಗಳಾಗಿ ಒಡೆಯುತ್ತದೆ. ಇದಕ್ಕೆ ಐದಾರು ದಿನ, ಒಮ್ಮೊಮ್ಮೆ ವಾರ ಬೇಕು. ವೈರಸ್ಸಿಗೆ ಬೇಕಾದ್ದು ಇದೇ ಸಮಯ. ಮೊದಲ ಸಲದ ಕಾಯಿಲೆ ಜೋರಾಗಿರುವುದು ಈ ತಡದಿಂದಲೇ. ಕೊನೆಗೆ ಬಿ ಕಣಗಳು ಪ್ರತಿಕಾಯಗಳನ್ನು ಸುರಿಸುತ್ತವೆ. ಪ್ರತಿಕಾಯ ವೈರಸ್ಸಿನ ಹೊರಮೈಗೆ ಅಂಟಿದರೆ ಅದು ಹೊಸ ಕೋಶದೊಳಗೆ ನುಗ್ಗಲಾರದು. ಈಗಾಗಲೇ ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಹೊಣೆ ಒಂದು ಬಗೆಯ ಟಿ ಕಣಗಳದ್ದು. ಇನ್ನೊಂದು ಬಗೆಯ ಟಿ ಕಣ, ಬಿ ಕಣಗಳಿಗೆ ನೆರವು ಕೊಡುತ್ತದೆ. ಆ ನೆರವು ಇಲ್ಲದಿದ್ದರೆ ಒಳ್ಳೆಯ ಪ್ರತಿಕಾಯವೂ ಇಲ್ಲ, ನೆನಪೂ ಇಲ್ಲ.

ಇಲ್ಲಿ ಬಹಳ ಸೊಗಸಾದ ಒಂದು ಕೆಲಸ ನಡೆಯುತ್ತದೆ. ಗದ್ದೆಯವರು ಗಟ್ಟಿ ತೆನೆ ಆರಿಸಿ ಬೀಜಕ್ಕಿಟ್ಟು, ಮುಂದಿನ ವರ್ಷ ಅದನ್ನೇ ಬಿತ್ತಿ, ಮತ್ತೆ ಅದರಲ್ಲಿ ಗಟ್ಟಿಯದನ್ನು ಆರಿಸುತ್ತಾರಲ್ಲ? ದುಗ್ಧಗ್ರಂಥಿಯಲ್ಲಿ ಬಿ ಕಣಗಳಿಗೂ ಅದೇ ಆಗುತ್ತದೆ. ಒಡೆದು ಎರಡಾಗುವಾಗ ಅವುಗಳ ಹಿಡಿಕೆಯಲ್ಲಿ ಸಣ್ಣಪುಟ್ಟ ಬದಲಾವಣೆ ಆಗುತ್ತದೆ. ವೈರಸ್ಸನ್ನು ಹೆಚ್ಚು ಬಿಗಿಯಾಗಿ ಹಿಡಿಯುವವು ಉಳಿಯುತ್ತವೆ. ಸಡಿಲ ಹಿಡಿತದವು ಸಾಯುತ್ತವೆ. ಉಳಿದವು ಮತ್ತೆ ಒಡೆಯುತ್ತವೆ, ಮತ್ತೆ ಆಯ್ಕೆ. ಹೀಗೆ ವಾರಗಟ್ಟಲೆ. ಎರಡನೇ ಡೋಸಿಗೆ ತಿಂಗಳು ಕಾಯಿಸುವುದು ಇದಕ್ಕೇ. ಮೊದಲ ಬೆಳೆ ಆರಿಸಿ ಮುಗಿಯಬೇಕು, ಆಮೇಲೆ ಎರಡನೇ ಬಿತ್ತನೆ. ಎರಡನೆಯದರ ನಂತರ ಬರುವ ಪ್ರತಿಕಾಯ ಹೆಚ್ಚೂ ಹೌದು, ಗಟ್ಟಿಯೂ ಹೌದು.

ಕೊನೆಗೆ ಎರಡು ಬಗೆಯ ಕಣ ಉಳಿಯುತ್ತವೆ. ಕೆಲವು ಮೂಳೆ ಮಜ್ಜೆಗೆ ಹೋಗಿ ನೆಲೆಸಿ, ವರ್ಷಗಟ್ಟಲೆ ಪ್ರತಿಕಾಯ ಮಾಡುತ್ತಲೇ ಇರುತ್ತವೆ. ಇನ್ನು ಕೆಲವು ನೆನಪಿನ ಕಣಗಳಾಗಿ ಸುಮ್ಮನೆ ಕಾಯುತ್ತವೆ. ವೈರಸ್ ಮತ್ತೆ ಬಂದರೆ ಮೊದಲ ಸಲಕ್ಕಿಂತ ಬೇಗ ಏಳುತ್ತವೆ.

ಕಷಾಯ ಕುಡಿದು ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಂಡರೆ ಸಾಕಲ್ವಾ ಎಂದು ಕೇಳುವವರಿಗೆ ಉತ್ತರವೂ ಇಲ್ಲಿದೆ. ಈ ನೆನಪು ಆಯಾ ವೈರಸ್ಸಿನ ಆಕಾರದ ನೆನಪು. ಆ ಆಕಾರವನ್ನು ಕಣಗಳಿಗೆ ತೋರಿಸದೆ ಅದು ಹುಟ್ಟುವುದಿಲ್ಲ. 1950ರ ದಶಕದ ಕೊನೆಯಲ್ಲಿ ನಡೆದ ಮೊದಲ ಪ್ರಯತ್ನವೇ ಇದಕ್ಕೆ ಸಾಕ್ಷಿ. ಆಗ ರಷ್ಯಾದ ಕಡೆಯ ಉಣುಗು ಜ್ವರದ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಇಲ್ಲಿ ಪ್ರಯತ್ನಿಸಿದರು. ಎರಡೂ ವೈರಸ್ ಹತ್ತಿರದ ನೆಂಟರು. ಆದರೂ ಹೇಳಿಕೊಳ್ಳುವ ರಕ್ಷಣೆ ಸಿಗಲಿಲ್ಲ.

ಹಳೆಯ ಲಸಿಕೆಯ ಶಕ್ತಿ ಮತ್ತು ಮಿತಿ

ಆಮೇಲೆ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳ ನಡುವೆ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ.

ಇಷ್ಟೊಂದು ಸಲ ಯಾಕೆ? ಸತ್ತ ವೈರಸ್ ದೇಹದಲ್ಲಿ ಬೆಳೆಯುವುದಿಲ್ಲ. ಅದು ಸುರಕ್ಷಿತ, ನಿಜ. ಆದರೆ ಬೆಳೆಯದ್ದರಿಂದ ಕಣಗಳಿಗೆ ಅದು ಕಾಣುವುದು ಸ್ವಲ್ಪ ಹೊತ್ತು, ಸ್ವಲ್ಪ ಪ್ರಮಾಣದಲ್ಲಿ. ಕೋಶಗಳ ಒಳಹೊಕ್ಕು ಬೆಳೆಯದ್ದರಿಂದ ಕೊಲ್ಲುವ ಟಿ ಕಣಗಳಿಗೆ ತರಬೇತಿಯೂ ಕಡಿಮೆ. ಹೀಗೆ ಹುಟ್ಟಿದ ನೆನಪು ಬೇಗ ಮಾಸುತ್ತದೆ. ಮತ್ತೆ ಮತ್ತೆ ನೆನಪಿಸಬೇಕು.

2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ಕರ್ನಾಟಕದಲ್ಲೇ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎರಡು ಡೋಸಿಗೆ ಶೇ 62.4, ಬೂಸ್ಟರ್ ಕೂಡ ಪಡೆದವರಿಗೆ ಶೇ 82.9 ರಕ್ಷಣೆ ಎಂದು ಅದು ಹೇಳಿತು. 1990ರ ದಶಕದ ಆರಂಭದ ಪ್ರಯೋಗದಲ್ಲಿ ಎರಡು ಡೋಸಿಗೆ ಶೇ 90ಕ್ಕಿಂತ ಜಾಸ್ತಿ ಕಂಡಿತ್ತು. ಇಳಿತ ಎದ್ದು ಕಾಣುತ್ತದೆ.

ಶೇ 62 ಎಂದರೆ ಲಸಿಕೆ ಇಲ್ಲದ ಗುಂಪಿನಲ್ಲಿ 100 ಮಂದಿಗೆ ಕಾಯಿಲೆ ಬರುವ ಕಡೆ, ಲಸಿಕೆ ಪಡೆದ ಅಷ್ಟೇ ದೊಡ್ಡ ಗುಂಪಿನಲ್ಲಿ 38 ಮಂದಿಗೆ ಬರುತ್ತದೆ ಎಂದರ್ಥ. ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಜನರ ಊರು ಎಂದುಕೊಳ್ಳಿ. 800 ಮಂದಿ ಎರಡು ಡೋಸ್ ಪಡೆದಿದ್ದಾರೆ, 200 ಮಂದಿ ಇಲ್ಲ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ ಐವರಿಗೆ ಜ್ವರ ಬಂತು, ಅಂದರೆ 10 ಮಂದಿ. ಲಸಿಕೆ ಪಡೆದವರಲ್ಲಿ ಅಪಾಯ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ಸುಮಾರು 15 ಮಂದಿ. ಒಟ್ಟು 25 ರೋಗಿಗಳಲ್ಲಿ 15 ಮಂದಿ ಲಸಿಕೆ ಪಡೆದವರೇ! ಊರವರ ಕಣ್ಣಿಗೆ ಕಾಣುವುದು ಈ 15. ಲಸಿಕೆಯಿಂದ ಉಳಿದ 25 ಮಂದಿ ಕಾಣುವುದಿಲ್ಲ. ಅವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ‘ಹಾಕಿಸಿಕೊಂಡವರಿಗೂ ಬಂತು’ ಎಂಬುದು ಸುಳ್ಳಲ್ಲ. ಆದರೆ ಲಸಿಕೆ ಪೂರ್ತಿ ವ್ಯರ್ಥ ಎನ್ನಲು ಅದಷ್ಟೇ ಸಾಲದು.

ಜೊತೆಗೆ ಚುಚ್ಚಿದ ಜಾಗ ತುಂಬಾ ನೋಯುತ್ತಿತ್ತು. ದಿನಗೂಲಿಯವರಿಗೆ ತೋಳು ಊದಿದರೆ ಮರುದಿನದ ಕೆಲಸ ಹೋಯಿತು. ಮೊದಲ ಡೋಸ್ ಪಡೆದ ಎಷ್ಟೋ ಮಂದಿ ಎರಡನೆಯದಕ್ಕೆ ಬರಲಿಲ್ಲ, ಬೂಸ್ಟರಿಗಂತೂ ಇನ್ನೂ ಕಡಿಮೆ. ಅರ್ಧಕ್ಕೆ ಬಿಟ್ಟರೆ ಆಯ್ಕೆಯಾದ ಬೀಜ ಬಿತ್ತದೆ ಉಳಿದಂತೆ.

ನಿಲ್ಲಿಸಿದ್ದು ಸರಿಯೇ?

ಲಸಿಕೆಯ ಶಕ್ತಿ ಸಾಲದು ಎಂದು ಗುಣಮಟ್ಟ ಪರೀಕ್ಷೆಯಲ್ಲಿ ಕಂಡುಬಂದು, 2022ರಲ್ಲಿ ಅದು ನಿಂತಿತು. ಶಕ್ತಿ ಎಂದರೆ ಇಲ್ಲಿ ಸರಳ ವಿಚಾರ. ಕಣಗಳು ಗುರುತು ಹಿಡಿಯುವಂಥ, ಆಕಾರ ಕೆಡದ ವೈರಸ್ ಡೋಸಿನಲ್ಲಿ ಸಾಕಷ್ಟು ಇರಬೇಕು. ಕೋಶಗಳಲ್ಲಿ ವೈರಸ್ ಸರಿಯಾಗಿ ಬೆಳೆಯದಿದ್ದರೆ, ಕೊಲ್ಲುವಾಗ ಅದರ ಹೊರಮೈ ಹಾಳಾದರೆ, ಸಾಗಿಸುವಾಗ ಶೈತ್ಯ ತಪ್ಪಿದರೆ ಯಾವ ಲಸಿಕೆಯಾದರೂ ಸೊರಗುತ್ತದೆ.

ಇದರ ಬಗ್ಗೆ ಎರಡು ವಾದಗಳಿವೆ. ಇನ್ನೊಂದು ಬರುವ ತನಕ ಇದ್ದದ್ದನ್ನೇ ಕೊಡಬೇಕಿತ್ತು, ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ವಾಸಿ ಎಂಬುದು ಒಂದು. ಕಾಡಿನಂಚಿನಲ್ಲಿ ಬದುಕುವವರ ಈ ಮಾತಿನಲ್ಲಿ ನ್ಯಾಯವಿದೆ. ಪರೀಕ್ಷೆಯಲ್ಲಿ ಸೋತ ಲಸಿಕೆಯನ್ನು ಗೊತ್ತಿದ್ದೂ ಚುಚ್ಚುವುದು ತಪ್ಪು ಎಂಬುದು ಇನ್ನೊಂದು. ಹಾಕಿಸಿಕೊಂಡವರು ‘ನನಗೇನೂ ಆಗದು’ ಎಂಬ ಧೈರ್ಯದಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನೂ ಹಚ್ಚದೆ ಕಾಡಿಗೆ ಹೋಗುತ್ತಾರೆ. ಜ್ವರ ಬಂದಾಗ ಲಸಿಕೆಗಳ ಮೇಲಿನ ನಂಬಿಕೆಯೇ ಹೋಗುತ್ತದೆ.

ಎರಡನೇ ವಾದವೇ ಸರಿ ಎಂಬುದು ಈ ಲೇಖನದ ನಿಲುವು. ಶೇ 62 ರಕ್ಷಣೆ ಕೊಡುವ ಲಸಿಕೆಯನ್ನು ಸಮರ್ಥಿಸಬಹುದು. ಎಷ್ಟು ಕೊಡುತ್ತದೆ ಎಂದೇ ಹೇಳಲಾಗದ ಲಸಿಕೆಯನ್ನು ಸಮರ್ಥಿಸಲಾಗದು. ಆದರೆ ಇಳಿತ 2013ರಲ್ಲೇ ಅಚ್ಚಾಗಿತ್ತು. ಬದಲಿಯ ಕೆಲಸಕ್ಕೆ ಆಗಲೇ ಜೋರು ಕೊಟ್ಟಿದ್ದರೆ ಮಲೆನಾಡಿನವರು ಲಸಿಕೆಯೇ ಇಲ್ಲದೆ ಇಷ್ಟು ಬೇಸಿಗೆ ಕಳೆಯಬೇಕಿರಲಿಲ್ಲ. ಯಾಕೆ ನಿಲ್ಲಿಸಿದೆವು ಎಂಬುದನ್ನು ಮನೆಮನೆಗೆ ಹೋಗಿ ವಿವರಿಸಬೇಕಾದ್ದು ಇಂದಿಗೂ ಬಾಕಿ ಇರುವ ಕೆಲಸ.

ಹೊಸದರಲ್ಲಿ ಏನು ಹೊಸದು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ ಸೇರಿ ಇದನ್ನು ತಯಾರಿಸುತ್ತಿವೆ. ಇದೂ ಸತ್ತ ವೈರಸ್ಸಿನ ಲಸಿಕೆಯೇ. 28 ದಿನಗಳ ಅಂತರದಲ್ಲಿ ಎರಡು ಡೋಸ್. ವ್ಯತ್ಯಾಸ ಇರುವುದು ಅದರ ಜೊತೆ ಬೆರೆಸುವ ಅಡ್ಜುವೆಂಟ್ ಎಂಬ ಉತ್ತೇಜಕದಲ್ಲಿ. ಸತ್ತ ವೈರಸ್ ಮಾತ್ರ ಬಂದರೆ ಗಸ್ತಿನ ಕಣಗಳು ಅದನ್ನು ಕಸವೆಂದು ನುಂಗಿ ಸುಮ್ಮನಾಗಬಹುದು. ಉತ್ತೇಜಕ ಜೊತೆಗಿದ್ದರೆ ಅಪಾಯ ಬಂದಿದೆ ಎಂದು ಅವು ಎಚ್ಚರಗೊಂಡು ಗ್ರಂಥಿಗೆ ಓಡುತ್ತವೆ. ಟಿ ಕಣಗಳ ನೆರವು ಜೋರಾಗುತ್ತದೆ, ಆಯ್ಕೆ ಹೆಚ್ಚು ದಿನ ನಡೆಯುತ್ತದೆ, ನೆನಪು ಗಟ್ಟಿಯಾಗುತ್ತದೆ.

ಈಗ ಶುರುವಾಗಿರುವುದು ಮೊದಲ ಹಂತ. ಆರೋಗ್ಯವಂತರಾದ ಕೆಲವೇ ಮಂದಿಯಲ್ಲಿ ಸುರಕ್ಷಿತವೇ ಎಂದು ನೋಡುವುದು ಇದರ ಮುಖ್ಯ ಉದ್ದೇಶ. ಎರಡನೇ ಹಂತದಲ್ಲಿ ಎಷ್ಟು ಪ್ರತಿಕಾಯ ಬಂತು, ಯಾವ ಅಳತೆ ಸರಿ ಎಂಬ ಲೆಕ್ಕ. ನಿಜಕ್ಕೂ ಕಾಯಿಲೆ ತಡೆಯಿತೇ ಎಂಬುದಕ್ಕೆ ಮೂರನೇ ಹಂತ. ಕೊರೊನಾ ಹೋಲಿಕೆ ಇಲ್ಲೇ ಮುರಿದುಬೀಳುತ್ತದೆ. ಕೊರೊನಾ ಕಾಲದಲ್ಲಿ ಲಕ್ಷಾಂತರ ಮಂದಿಗೆ ಕಾಯಿಲೆ ಬರುತ್ತಿತ್ತು. ಲಸಿಕೆ ಪಡೆದವರಿಗೂ ಪಡೆಯದವರಿಗೂ ಇರುವ ವ್ಯತ್ಯಾಸ ಕೆಲವೇ ತಿಂಗಳಲ್ಲಿ ಕಂಡಿತು. ಮಂಗನ ಕಾಯಿಲೆ ವರ್ಷಕ್ಕೆ ಸರಾಸರಿ 400–500 ಮಂದಿಗೆ. ಅದೂ ಒಂದು ವರ್ಷ ಈ ಊರು, ಮುಂದಿನ ವರ್ಷ ಬೇರೆ ಊರು. ವ್ಯತ್ಯಾಸ ಕಾಣಬೇಕಾದರೆ ತುಂಬಾ ಜನ, ತುಂಬಾ ಬೇಸಿಗೆಗಳು ಬೇಕು. ಹಣದ ಪ್ರಶ್ನೆಯೂ ಇದೆ. ಕೆಲವೇ ಜಿಲ್ಲೆಗಳ ಕಾಡಿನಂಚಿನ ಬಡವರಿಗೆ ಬೇಕಾದ ಲಸಿಕೆಯಲ್ಲಿ ಯಾವ ಕಂಪನಿಗೂ ದೊಡ್ಡ ಲಾಭವಿಲ್ಲ. ಸರ್ಕಾರ ಕೈಹಿಡಿದರೆ ಮಾತ್ರ ಮುಂದುವರಿಯುತ್ತದೆ.

ಲಸಿಕೆ ಬಂದ ಮೇಲೂ ದಿನಗಳ ಲೆಕ್ಕ ತಪ್ಪಿದರೆ ಪ್ರಯೋಜನವಿಲ್ಲ. ಡಿಸೆಂಬರ್ ಹೊತ್ತಿಗೆ ರಕ್ಷಣೆ ಸಿದ್ಧವಿರಬೇಕು. ಎರಡನೇ ಡೋಸಿನ ನಂತರ ಪ್ರತಿಕಾಯ ಏರಲು ಸುಮಾರು ಎರಡು ವಾರ. ಅಂದರೆ ನವೆಂಬರ್ ಮಧ್ಯದೊಳಗೆ ಎರಡನೇ ಡೋಸ್, ಅಕ್ಟೋಬರ್ ಮಧ್ಯದೊಳಗೆ ಮೊದಲನೆಯದು. ಅಡಿಕೆ ಕೊಯ್ಲು ಶುರುವಾಗುವುದೂ ಅದೇ ಹೊತ್ತಿಗೆ. ಊರಲ್ಲಿ ಯಾರಿಗೂ ಪುರುಸೊತ್ತಿಲ್ಲದ ಕಾಲ. ಮಂಗ ಸತ್ತ ಸುದ್ದಿ ಬಂದ ಮೇಲೆ ಶಿಬಿರ ಹಾಕಿದರೆ ಕಣಗಳಿಗೆ ಬೇಕಾದ ಆರು ವಾರ ಸಿಗುವುದೇ ಇಲ್ಲ. ತೋಟಕ್ಕೇ ಹೋಗಿ, ಸಂಜೆ ಹೊತ್ತು ಮನೆಗೇ ಹೋಗಿ ಕೊಡುವ ಏರ್ಪಾಡು ಈಗಿನಿಂದಲೇ ಆಗಬೇಕು.

ಅಲ್ಲಿಯವರೆಗೆ

ಕಾಡಿಗೆ, ತೋಟಕ್ಕೆ ಹೋಗುವ ಮುನ್ನ ಇಲಾಖೆ ಉಚಿತವಾಗಿ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಜ್ವರ ಬಂದರೆ ಎಷ್ಟನೇ ದಿನ ಎಂಬುದನ್ನು ವೈದ್ಯರಿಗೆ ಸರಿಯಾಗಿ ಹೇಳಿ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಅದನ್ನು ಆರ್‌ಟಿ–ಪಿಸಿಆರ್ ಹಿಡಿಯುತ್ತದೆ. ಪ್ರತಿಕಾಯ ಆಗಿನ್ನೂ ಬಂದಿರುವುದಿಲ್ಲ. ವಾರದ ಹೊತ್ತಿಗೆ ವೈರಸ್ ಇಳಿದು ಐಜಿಎಂ ಎಂಬ ಪ್ರತಿಕಾಯ ಏರುತ್ತದೆ, ಅದಕ್ಕೆ ಎಲೈಸಾ ಪರೀಕ್ಷೆ ಬೇರೆ. ಎರಡನೇ ದಿನ ಪ್ರತಿಕಾಯ ಹುಡುಕಿದರೆ, ಕಾಯಿಲೆ ಇದ್ದರೂ ವರದಿ ‘ಇಲ್ಲ’ ಎಂದು ಬರಬಹುದು. ಕಾಡಿಗೆ ಹೋಗಿದ್ದು, ಹತ್ತಿರದಲ್ಲಿ ಮಂಗ ಸತ್ತದ್ದು, ಜ್ವರ ಶುರುವಾದ ತಾರೀಖು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡೇ ಆಸ್ಪತ್ರೆಗೆ ಹೋಗಿ.